ಒಂಟಿಮನೆಗೆ ಎರವಲು ಜನ

ನನಗೆ ಆಗ ಅರವತ್ತೆಂಟು. ಏಳು ವರ್ಷದ ಹಿಂದಿನ ಮಾತು, ಈಗೆಷ್ಟಾಯ್ತು ಅಂತ ನೀವೇ ಕೂಡಿಕೊಳ್ಳಿ. ತೀರ್ಥಹಳ್ಳಿಯಿಂದ ಒಂದು ಚೀಲ ಹಿಡಿದುಕೊಂಡು ತಂಗಿ ಮನೆಗೆ ಹೋಗಿದ್ದೆ. ಹೊಸನಗರದಿಂದ ಹುಂಚಕ್ಕೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ಗದ್ದೆಬಯಲು ದಾಟಿ, ಒಂದು ಬೋಳು ಗುಡ್ಡ ಹತ್ತಿದರೆ ಅವಳ ಮನೆ. ಗುಡ್ಡಕ್ಕೆ ಒಂದೇ ಮನೆ. ನಮ್ಮ ಕಡೆ ಊರು ಅಂದರೆ ಹೀಗೇ. ಬಯಲುಸೀಮೆಯವರ ಹಾಗೆ ಗೋಡೆಗೆ ಗೋಡೆ ತಾಗಿಸಿಕೊಂಡು ಕೂರುವ ಅಭ್ಯಾಸ ನಮಗಿಲ್ಲ. ಯಾರಿಗೆ ಎಲ್ಲಿ ನೀರು ಕಂಡಿತೋ ಅಲ್ಲೊಂದು ಮನೆ. ಪಕ್ಕದ ಮನೆಯವರನ್ನು ಕರೆಯಬೇಕಾದರೆ ಎದೆಯಲ್ಲಿ ಬಲ ಇರಬೇಕು, ಗಾಳಿ ಬೇರೆ ಆ ಕಡೆಗೇ ಬೀಸುತ್ತಿರಬೇಕು.

ಆ ಮನೆಯಲ್ಲಿ ಇದ್ದದ್ದು ತಂಗಿ, ಅವಳ ಮಗ, ಇಬ್ಬರೇ. ತಂಗಿ ಗಂಡ ತೀರಿಕೊಂಡು ಬಹಳ ವರ್ಷ ಆಗಿತ್ತು. ಮಗನಿಗೆ ಮೂವತ್ತಾರು. ಗದ್ದೆ ಇದೆ, ಎಮ್ಮೆ ಇದೆ, ಟಿಲ್ಲರ್ ಇದೆ. ಸುತ್ತಿನವರ ಗದ್ದೆಯನ್ನೂ ಅವನೇ ಬಾಡಿಗೆಗೆ ಹೂಡಿಕೊಡುತ್ತಿದ್ದ. ಕುಡಿಯುವುದಿಲ್ಲ, ಇಸ್ಪೀಟು ಆಡುವುದಿಲ್ಲ. ನೋಡಲೂ ಪರವಾಗಿಲ್ಲ. ಮೂಗು ಮಾತ್ರ ನಮ್ಮ ಅಪ್ಪನದು, ಅದಕ್ಕೆ ಈಗ ಯಾರೂ ಏನೂ ಮಾಡುವ ಹಾಗಿಲ್ಲ. ಇಷ್ಟೆಲ್ಲ ಇದ್ದೂ ಅವನಿಗೆ ಹೆಣ್ಣು ಸಿಗುತ್ತಿರಲಿಲ್ಲ.

ಹೆಣ್ಣಿನ ಕಡೆಯವರು ಬರುತ್ತಿರಲಿಲ್ಲ ಅಂತಲ್ಲ. ಈಗೆಲ್ಲ ಅವರೇ ಮೊದಲು ಬಂದು ಮನೆ ನೋಡುವುದು. ಬಂದವರು ಗದ್ದೆ ನೋಡಿ ತಲೆಯಾಡಿಸುತ್ತಿದ್ದರು, ಎಮ್ಮೆ ನೋಡಿ ತಲೆಯಾಡಿಸುತ್ತಿದ್ದರು, ಹುಡುಗನನ್ನು ನೋಡಿಯೂ ಆಡಿಸುತ್ತಿದ್ದರು. ಆಮೇಲೆ ಅಂಗಳದ ತುದಿಗೆ ಹೋಗಿ ನಿಂತು, ಸುತ್ತ ಒಮ್ಮೆ ಕಣ್ಣು ಹಾಯಿಸಿ, “ಇಲ್ಲಿ ಜನ ಎಲ್ಲಿದ್ದಾರೆ?” ಅಂತ ಕೇಳುತ್ತಿದ್ದರು. ತಂಗಿ ಕೈ ಚಾಚಿ ಎದುರು ಗುಡ್ಡದಲ್ಲಿ ಏಳುವ ಹೊಗೆ ತೋರಿಸುತ್ತಿದ್ದಳು. “ಅಗೋ, ಅಲ್ಲಿದ್ದಾರೆ.” ಅಲ್ಲಿಗೆ ಮಾತು ಮುಗಿಯುತ್ತಿತ್ತು. ಹೋದವರು ಫೋನ್ ಮಾಡುತ್ತಿರಲಿಲ್ಲ. ಮಾಡಿದ್ದರೂ ಸಿಗುತ್ತಿರಲಿಲ್ಲ ಅನ್ನಿ, ಆ ಮನೆಯಲ್ಲಿ ನೆಟ್‌ವರ್ಕ್ ಬರುವುದು ಕೊಟ್ಟಿಗೆ ಹಿಂದಿನ ಗೊಬ್ಬರದ ಗುಂಡಿಯ ಹತ್ತಿರ ಮಾತ್ರ.

ನಾನು ಹೋದ ವಾರವೇ ಇಕ್ಕೇರಿ ಕಡೆಯ ಒಂದು ಸಂಬಂಧ ಬಂತು. ಹುಡುಗಿಗೆ ಇಪ್ಪತ್ತೊಂಬತ್ತು, ಸಾಗರದಲ್ಲಿ ಒಂದು ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಾಳೆ. ತಂಗಿ ಮಗ ಎಮ್ಮೆಗೆ ನೀರು ತೋರಿಸಿ ಬಂದವನು ಬಕೆಟ್ ಕೆಳಗಿಟ್ಟು ಹೇಳಿದ:

“ದೊಡ್ಡಮ್ಮ, ಇದೇ ಕೊನೆ. ಇವರೂ ಬೇಡ ಅಂದ್ರೆ ಇನ್ನು ಯಾರಿಗೂ ನನ್ನ ತೋರಿಸ್ಬೇಡಿ. ಬಂದೋರು ಎಲ್ಲ ನನ್ನ ಹಲ್ಲು ನೋಡಿ ಹೋಗೋದೇ ಆಯ್ತು.”

“ಹಲ್ಲು ನೋಡೋದು ಎತ್ತಿಗೆ. ನಿನ್ನದು ಯಾರೂ ನೋಡ್ಲಿಲ್ಲ, ನೀನು ಬಾಯಿ ಬಿಟ್ರೆ ತಾನೆ.”

ಅವನು ನಗಲಿಲ್ಲ. ಹೇಳಿದ್ದನ್ನು ಮಾಡುವ ಜಾತಿ ಅವನು. ತಂಗಿ ಒಳಗಡೆ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದು ನನಗೆ ಕೇಳಿಸಿತು. ಸರಿ, ಈ ಸಲ ಹೇಗಾದರೂ ಆಗಲೇಬೇಕು ಅಂತ ನಾವಿಬ್ಬರೂ ಅಂದುಕೊಂಡೆವು. ಅಂದುಕೊಂಡು ನಾವು ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ತಂಗಿ ಹೊಸನಗರಕ್ಕೆ ಹೇಳಿಕಳಿಸಿ ಮೇಷ್ಟ್ರನ್ನು ಕರೆಸಿದಳು.

ಮೇಷ್ಟ್ರು ಅಂದರೆ ಅವಳ ಗಂಡನ ಅಣ್ಣ. ಹೈಸ್ಕೂಲಿನಲ್ಲಿ ಭೂಗೋಳ ಪಾಠ ಮಾಡಿ ರಿಟೈರ್ ಆದವರು. ಅವರು ರಿಟೈರ್ ಆಗಿದ್ದರು, ಪಾಠ ಆಗಿರಲಿಲ್ಲ. ಬಂದವರೇ ಕಾಫಿ ಕುಡಿದು, ಕನ್ನಡಕ ಒರೆಸಿಕೊಂಡು, ಜಗಲಿ ಮೇಲೆ ಕೂತು ಶುರು ಮಾಡಿದರು.

“ಅಕ್ಕ, ಇವನ ತೊಂದರೆ ಜಾತಕದ್ದಲ್ಲ. ಜನಸಾಂದ್ರತೆಯದು.”

“ಎಂತ ಮಾರಾಯ್ರೆ ಅದು? ಔಷಧಿ ಉಂಟಾ?”

“ಒಂದು ಚದರ ಕಿಲೋಮೀಟರ್ ಜಾಗದಲ್ಲಿ ಎಷ್ಟು ಜನ ಇದ್ದಾರೆ ಅನ್ನೋ ಲೆಕ್ಕ ಅದು. ತಾಲೂಕಿನ ಒಟ್ಟು ಜನರನ್ನ ಒಟ್ಟು ಜಾಗದಿಂದ ಭಾಗಿಸ್ಬೇಕು.”

ನಾನು ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಭಾಗಾಕಾರ ಬರುವ ಮೊದಲೇ. ಆದರೂ ಅರ್ಥ ಆಯಿತು. “ಅಂದ್ರೆ ಹೊಸನಗರ ಬಸ್‌ಸ್ಟ್ಯಾಂಡಲ್ಲಿ ನೂಕಾಡೋರನ್ನ ತಂದು ನಮ್ಮ ಗುಡ್ಡದ ಮೇಲೆ ಅಕ್ಕಿ ಒಣಗಿಸಿದ ಹಾಗೆ ಹರವೋದು.”

“ಹಾಗಲ್ಲ... ಹೂಂ, ಒಂದು ಲೆಕ್ಕಕ್ಕೆ ಹಾಗೇ. ಅದು ಸರಾಸರಿ.”

“ಆ ಸರಾಸರಿಯೋರು ಒಬ್ಬರಾದ್ರೂ ಇಲ್ಲಿ ಬಂದು ಒಂದು ಲೋಟ ಕಾಫಿ ಕುಡ್ದಿದ್ದು ನಾ ಕಂಡಿಲ್ಲ.”

“ಅದಕ್ಕೇ ಅಕ್ಕ, ಸಾಂದ್ರತೆ ಒಂದು ಪಾಠ, ಹಂಚಿಕೆ ಇನ್ನೊಂದು ಪಾಠ. ಎಷ್ಟು ಜನ ಅನ್ನೋದು ಬೇರೆ, ಅವರು ಎಲ್ಲೆಲ್ಲಿ ಇದ್ದಾರೆ ಅನ್ನೋದು ಬೇರೆ,” ಅಂದರು. ಅದು ಸರಿಯಾಗಿಯೇ ಇತ್ತು. ಹೇಳಿ ಖುಷಿಯಾಗಿ ಅಂಗಳಕ್ಕಿಳಿದು ಕೋಲಿನಲ್ಲಿ ನೆಲದ ಮೇಲೆ ಗೋಪುರದ ಹಾಗೆ ಒಂದು ಚಿತ್ರ ಬರೆದರು. ಬುಡದಲ್ಲಿ ಮಕ್ಕಳು, ಅದಕ್ಕೇ ಅಗಲ. ಮೇಲೆ ಹೋದ ಹಾಗೆ ವಯಸ್ಸಾದವರು, ಅದಕ್ಕೇ ಚೂಪು. ಆಮೇಲೆ ನಮ್ಮ ಸುತ್ತಿನ ಮನೆಗಳದ್ದು ಅಂತ ಇನ್ನೊಂದು ಬರೆದರು. ಅದು ಬುಗುರಿಯ ಹಾಗೆ ಬಂತು. ಮೇಲೆ ನಮ್ಮಂಥ ಮುದುಕ ಮುದುಕಿಯರೇ ದಪ್ಪಗೆ ಕೂತಿದ್ದೇವೆ, ಕೆಳಗೆ ಮೊಳೆಯಷ್ಟು ಮಕ್ಕಳು.

“ಒಂದು ಜಾಗದ ಜನಸಂಖ್ಯೆ ಬದಲಾಗೋದು ಹುಟ್ಟಿನಿಂದ, ಸಾವಿನಿಂದ, ಬರೋರಿಂದ, ಹೋಗೋರಿಂದ. ಬೇರೆ ದಾರಿ ಇಲ್ಲ.”

“ಈ ಗುಡ್ಡದಲ್ಲಿ ಕಡೆಗೆ ಹುಟ್ಟಿದ್ದು ಇವನು. ಕಡೆಗೆ ಸತ್ತಿದ್ದು ಇವನ ಅಪ್ಪ. ಬರೋದೂ ನಾನು, ಹೋಗೋದೂ ನಾನು. ಪಾಠ ಮುಗೀತಲ್ಲ?”

“ಮುಗೀಲಿಲ್ಲ. ನಮ್ಮ ದೇಶದಲ್ಲಿ ಎಲ್ಲರಿಗಿಂತ ಜಾಸ್ತಿ ವಲಸೆ ಹೋಗೋರು ಯಾರು ಹೇಳಿ? ಹೆಂಗಸರು. ಮದುವೆ ಆಗಿ. ವಲಸೆಗೆ ತಳ್ಳೋ ಕಾರಣ ಇರುತ್ತೆ, ಸೆಳೆಯೋ ಕಾರಣ ಇರುತ್ತೆ.”

ನಾನೂ ಸಾಗರದ ಕಡೆಯಿಂದ ತೀರ್ಥಹಳ್ಳಿಗೆ ಮದುವೆಯಾಗಿ ಬಂದವಳೇ. ಅವರು ಹೇಳಿದ ಮೇಲೆ ಯೋಚನೆ ಮಾಡಿ ನೋಡಿದೆ. ತೀರ್ಥಹಳ್ಳಿ ನನ್ನನ್ನು ಸೆಳೆದದ್ದು ಎಂತದೂ ನೆನಪಿಗೆ ಬರಲಿಲ್ಲ. ಅಪ್ಪ ತಳ್ಳಿದ್ದು ಚೆನ್ನಾಗಿ ನೆನಪಿತ್ತು. ಹಾಗಂತ ಹೇಳಿದೆ. ಮೇಷ್ಟ್ರು ನಕ್ಕು, “ಅದೇ, ಅದೇ. ಈಗಿನ ಹುಡುಗಿಯರನ್ನ ಯಾರೂ ತಳ್ಳೋ ಹಾಗಿಲ್ಲ. ಸೆಳೀಲೇಬೇಕು. ಜನ ಇದ್ದಲ್ಲಿಗೇ ಜನ ಬರೋದು. ಆದ್ದರಿಂದ ಒಂದು ದಿನದ ಮಟ್ಟಿಗೆ ಇಲ್ಲಿ ಜನ ಮಾಡೋಣ,” ಅಂದರು.

ಅವರ ಉಪಾಯ ಇಷ್ಟೇ. ಇಕ್ಕೇರಿಯವರು ಬರುವ ದಿನ, ಸುತ್ತಿನವರು ಒಬ್ಬೊಬ್ಬರಾಗಿ ಅಂಗಳದಲ್ಲಿ ಹಾದು ಹೋಗುವುದು. ಎದುರು ಗುಡ್ಡದ ಅಜ್ಜ ಬಂದು “ತಿಂಡಿ ಆಯ್ತಾ?” ಅನ್ನುವುದು, ಹೋಗುವುದು. ಕೆಳಗಿನ ಗದ್ದೆಮನೆಯ ಅತ್ತೆ ಸೊಸೆ ಬಂದು ಹೆಪ್ಪಿಗೆ ಮಜ್ಜಿಗೆ ಕೇಳುವುದು, ಹೋಗುವುದು. ಅದರಾಚೆ ಶುಂಠಿ ಗದ್ದೆಯಲ್ಲಿ ಶೆಡ್ಡು ಹಾಕಿಕೊಂಡಿದ್ದ ಹಾವೇರಿ ಕಡೆಯ ಕೂಲಿ ಹೆಂಗಸರಿಗೂ ಹೇಳಿದರು, ಮಕ್ಕಳನ್ನು ಕರೆದುಕೊಂಡು ಬನ್ನಿ ಅಂತ. ಅಂಗಳದಲ್ಲಿ ಮಕ್ಕಳ ಗಲಾಟೆ ಇರಬೇಕಂತೆ, ಬುಗುರಿ ಗೋಪುರ ಆಗುತ್ತದಂತೆ.

“ಸುಳ್ಳಾಗಲ್ವಾ ಮೇಷ್ಟ್ರೇ?” ಅಂದೆ.

“ಎಂತ ಸುಳ್ಳು? ಇವರೆಲ್ಲ ಇರೋ ಜನಾನೇ. ನಡುವಿನ ದೂರ ಮಾತ್ರ ಒಂದು ದಿನಕ್ಕೆ ಕಮ್ಮಿ ಮಾಡ್ತಾ ಇದೀನಿ.”

ತಂಗಿ ಮಗ “ಬೇಡ ದೊಡ್ಡಪ್ಪ” ಅಂದ. ಅವನ ಮದುವೆ ವಿಷಯದಲ್ಲಿ ಅವನ ಮಾತು ಯಾರು ಕೇಳುತ್ತಾರೆ.

ಇಕ್ಕೇರಿಯವರು ಬರುತ್ತೇವೆ ಅಂದದ್ದು ಹತ್ತು ಗಂಟೆಗೆ. ಒಂಬತ್ತಕ್ಕೆಲ್ಲ ಎದುರು ಗುಡ್ಡದ ಅಜ್ಜ ಬಂದರು. ಬಿಳಿ ಪಂಚೆ, ಹೆಗಲಿಗೆ ಹೊಸ ಟವೆಲ್ಲು, ಅವರಿಗೇ ಹೆಣ್ಣು ನೋಡಲು ಬಂದಂತೆ ತಯಾರಾಗಿದ್ದರು. “ತಿಂಡಿ ಆಯ್ತಾ?” ಅಂತ ಹೇಳಿಕೊಟ್ಟದ್ದನ್ನು ಸರಿಯಾಗಿಯೇ ಕೇಳಿದರು. ತಂಗಿ ಬಾಯಿ ತಪ್ಪಿ, “ಬನ್ನಿ ಅಜ್ಜ, ಕೂತ್ಕೊಳ್ಳಿ,” ಅಂದುಬಿಟ್ಟಳು. ಅವಳ ತಪ್ಪಲ್ಲ. ಗುಡ್ಡ ಇಳಿದು ಗುಡ್ಡ ಹತ್ತಿ ಬಂದವರನ್ನು ನಿಲ್ಲಿಸಿ ಕಳಿಸುವುದು ನಮ್ಮ ಕಡೆ ಯಾರಿಗೂ ಬಾರದ ವಿದ್ಯೆ. ಅಜ್ಜ ಕಾಲು ತೊಳೆದು ಜಗಲಿ ಹತ್ತಿ ಕೂತರು. ಕೂತವರು ಏಳುವುದುಂಟಾ?

ಗದ್ದೆಮನೆಯ ಅತ್ತೆ ಸೊಸೆ ಬಂದರು. ಅಜ್ಜನನ್ನು ಕಂಡು ಆ ಅತ್ತೆ, “ಅಯ್ಯೋ, ನಿಮ್ಮನ್ನ ನೋಡಿ ಎಷ್ಟು ಕಾಲ ಆಯ್ತು! ಆ ಕಂದು ಎಮ್ಮೆ ಕರು ಹಾಕ್ತಾ?” ಅಂತ ಶುರು ಮಾಡಿದಳು. ಅಜ್ಜ ಎಮ್ಮೆಯ ಕತೆ ಮೊದಲಿಂದ ಹೇಳತೊಡಗಿದರು. ಶುಂಠಿ ಶೆಡ್ಡಿನ ಹೆಂಗಸರು ಮಕ್ಕಳ ಜೊತೆ ಬಂದರು. ಅವರಿಗೂ ಬೆಲ್ಲ ನೀರು ಆಯಿತು. ಮೇಷ್ಟ್ರು ಅಂಗಳದಲ್ಲಿ ನಿಂತು, “ಒಬ್ಬೊಬ್ಬರಾಗಿ, ಒಬ್ಬೊಬ್ಬರಾಗಿ! ಬಂದೋರು ಹೊರಡ್ಬೇಕು!” ಅಂತ ಸಣ್ಣ ದನಿಯಲ್ಲಿ ಕೂಗಿದರು. ಪರೀಕ್ಷೆ ಹಾಲಿನಲ್ಲಿ ಅಂದರೆ ಕೇಳುತ್ತಿದ್ದರೇನೋ. ಇಲ್ಲಿ ಅಜ್ಜ, “ಮೇಷ್ಟ್ರೇ, ನೀವೂ ಕೂತ್ಕೊಳ್ಳಿ, ಯಾಕೆ ಬಿಸಿಲಲ್ಲಿ ನಿಂತಿದೀರಿ?” ಅಂದರು.

ಇಕ್ಕೇರಿಯವರ ಕಾರಿಗೆ ಮೊಬೈಲು ತಪ್ಪು ದಾರಿ ತೋರಿಸಿ, ಅವರು ಯಾವುದೋ ಕೆರೆ ದಂಡೆಗೆ ಹೋಗಿ ನಿಂತಿದ್ದರಂತೆ. ಅವರು ಬರುವ ಹೊತ್ತಿಗೆ ಮಧ್ಯಾಹ್ನ ಆಗಿತ್ತು. ಅಂಗಳ ತುಂಬಿತ್ತು, ಜಗಲಿ ತುಂಬಿತ್ತು, ಮೆಟ್ಟಿಲ ಮೇಲೂ ಜನ. ಕಾದು ಕಾದು ಸುಸ್ತಾಗಿ ಎಲ್ಲರೂ ಮಾತು ನಿಲ್ಲಿಸಿ, ಗಲ್ಲಕ್ಕೆ ಕೈ ಕೊಟ್ಟುಕೊಂಡು ಕೂತಿದ್ದರು. ಶುಂಠಿ ಶೆಡ್ಡಿನ ಒಂದು ಮಗು ಹಸಿವಿಗೆ ಅಳುತ್ತಿತ್ತು.

ಹುಡುಗಿಯ ಅಪ್ಪ, ಅಣ್ಣ, ಸೋದರತ್ತೆ, ಹುಡುಗಿ, ನಾಲ್ಕು ಜನ ಗುಡ್ಡ ಹತ್ತಿ ಬಂದರು. ಬಂದವರು ಬೇಲಿಯ ಬಾಯಿಗೆ ಅಡ್ಡ ಹಾಕಿದ ಉಣುಗೋಲಿನ ಆಚೆಯೇ ನಿಂತರು. ಒಳಗೆ ಬರಲಿಲ್ಲ. ಅಪ್ಪ ಚಪ್ಪಲಿ ದೂರದಲ್ಲಿ ಬಿಟ್ಟು, ಮುಖ ಚಿಕ್ಕದು ಮಾಡಿಕೊಂಡು ಕೈ ಕಟ್ಟಿ ನಿಂತ. ನಾನು ಬೆಲ್ಲ ನೀರು ತೆಗೆದುಕೊಂಡು ಹೋದೆ. ಅವನು ಹಿಂದೆ ಸರಿದ.

“ಈಗ ಬೇಡಮ್ಮ.” ದನಿ ತಗ್ಗಿಸಿ ಕೇಳಿದ: “ಯಾರು ಹೋಗಿದ್ದು? ಯಾವಾಗ?”

“ಎಲ್ಲಿಗೆ ಹೋಗಿದ್ದು?”

“ಅಲ್ಲ... ಹೆಣ ಎತ್ತಿದ್ದು ಆಯ್ತಾ, ಇನ್ನೂ ಇದೆಯಾ?”

ತಿರುಗಿ ನೋಡಿದೆ. ಹೌದು, ಥೇಟ್ ಸಾವಿನ ಮನೆಯೇ. ಅವರದ್ದೂ ನಮ್ಮಂಥದ್ದೇ ಸೀಮೆ. ಒಂಟಿಮನೆಯ ಅಂಗಳದಲ್ಲಿ ಇಷ್ಟು ಜನ ಸೇರುವುದು ಮದುವೆಗೆ, ಇಲ್ಲದಿದ್ದರೆ ಸಾವಿಗೆ. ಚಪ್ಪರ ಇರಲಿಲ್ಲ, ಆದ್ದರಿಂದ ಮದುವೆ ಅಲ್ಲ. ನನಗೆ ನಗು ತಡೆಯಲಾಗಲಿಲ್ಲ. ಸತ್ತ ಮನೆಯ ಮುದುಕಿ ಹೀಗೆ ನಗುವುದು ಕಂಡು ಸೋದರತ್ತೆ ಹುಡುಗಿಯ ಅಪ್ಪನ ತೋಳು ಹಿಡಿದುಕೊಂಡಳು.

“ಯಾರೂ ಸತ್ತಿಲ್ಲ ಮಾರಾಯ್ರೆ. ಎಲ್ಲ ಬದುಕಿದ್ದಾರೆ, ಅದೇ ತೊಂದರೆ. ಬನ್ನಿ ಒಳಗೆ.”

ಅಷ್ಟರಲ್ಲಿ ಮೇಷ್ಟ್ರು ಓಡಿಬಂದು, “ನಮ್ಮ ನೆರೆಹೊರೆ! ಹೀಗೇ ಬರ್ತಾ ಹೋಗ್ತಾ ಇರ್ತಾರೆ!” ಅಂದರು. ಬಂದದ್ದು ಕಾಣುತ್ತಿತ್ತು, ಹೋಗುವುದು ಕಾಣುತ್ತಿರಲಿಲ್ಲ. ಅವರು ಅಳುಕುತ್ತಲೇ ಒಳಗೆ ಬಂದರು, ನೀರು ಕುಡಿದರು. ತಂಗಿ ಮಗ ಹೊಸ ಶರ್ಟು ಹಾಕಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಕಂಬಕ್ಕೂ ಅವನಿಗೂ ಇದ್ದ ವ್ಯತ್ಯಾಸ ಶರ್ಟೊಂದೇ.

ಊಟಕ್ಕೆ ಕಡುಬು, ಹಲಸಂದೆ ಕಾಳಿನ ಸಾರು, ಅಕ್ಕಿ ಪಾಯಸ. ತಂಗಿ ಬೇಯಿಸಿದ್ದು ಬರುವ ನಾಲ್ಕು ಜನರಿಗೆ, ಮನೆಯವರಿಗೆ, ಇನ್ನು ಸ್ವಲ್ಪ ಹೆಚ್ಚಿಗೆ. ಈಗ ಇಡೀ ಅಂಗಳ ಎದ್ದು ಕೈ ತೊಳೆದುಕೊಂಡು ಬಂತು. ನಾನು ಮತ್ತೆ ಹಿಟ್ಟು ಗೊಟಾಯಿಸುವುದಕ್ಕೆ ನಿಂತೆ. ಮೇಷ್ಟ್ರು ಅಡಿಗೆಮನೆ ಬಾಗಿಲಿಗೆ ಬಂದು ಪಾತ್ರೆ ಬಗ್ಗಿ ನೋಡಿದರು.

“ಜನ ಏರಿದ ವೇಗಕ್ಕೆ ಆಹಾರ ಏರಲ್ಲ ಅಕ್ಕ. ಇದೂ ಪಾಠದಲ್ಲಿ ಬರುತ್ತೆ.”

“ಪಾಠ ಗೊತ್ತಿದ್ದೂ ಕರೆದವರು ಯಾರು? ಒಲೆಗೆ ಕಟ್ಟಿಗೆ ಹಾಕಿ.”

ಸೋದರತ್ತೆ ಚುರುಕು ಹೆಂಗಸು. ಊಟ ಮಾಡುತ್ತ ಅವಳ ಕಣ್ಣು ಪಂಕ್ತಿಯ ಈ ತುದಿಯಿಂದ ಆ ತುದಿಗೆ ಹೋಗಿ ಬಂತು. ನೆರೆಹೊರೆಯವರು ಅಂದರೆ ಒಂದು ಲೋಟ ಕಾಫಿ ಕುಡಿದು ಹೋಗುತ್ತಾರೆ. ಇವರು ಹೀಗೆ ಎರಡನೇ ಸಲ ಸಾರು ಹಾಕಿಸಿಕೊಳ್ಳುವುದು ನೋಡಿದರೆ ಮನೆಯವರೇ ಇರಬೇಕು ಅಂತ ಅವಳಿಗೆ ಅನ್ನಿಸಿತು. ಜೊತೆಗೆ ಅಜ್ಜ ಬೇರೆ, “ಉಪ್ಪಿನಕಾಯಿ ಆ ಮೂಲೆ ಭರಣಿದು ತನ್ನಿ, ಅದು ಚೆನ್ನಾಗಿರುತ್ತೆ,” ಅಂದುಬಿಟ್ಟರು. ಕೈ ತೊಳೆದು ಬಂದು ಎಲೆಅಡಿಕೆ ಕವಳದ ತಟ್ಟೆ ಎಳೆದುಕೊಂಡು ಸೋದರತ್ತೆ ನೇರವಾಗಿ ಕೇಳಿದಳು:

“ಎಲ್ಲ ಸರಿ. ಈ ಮನೇಲಿ ದುಡಿಯೋರು ಎಷ್ಟು ಜನ? ಕೂತು ಉಣ್ಣೋರು ಎಷ್ಟು ಜನ?”

“ಅವಲಂಬನೆ ಅನುಪಾತ!” ಅಂದರು ಮೇಷ್ಟ್ರು, ತಡೆಯಲಾರದೆ. ಬುದ್ಧಿವಂತ ಹುಡುಗ ಸರಿಯಾದ ಪ್ರಶ್ನೆ ಕೇಳಿದಾಗ ಮುಖ ಅರಳುತ್ತದಲ್ಲ, ಹಾಗೆ ಅರಳಿತ್ತು. “ಬಹಳ ಒಳ್ಳೆ ಪ್ರಶ್ನೆ. ದುಡಿಯೋ ವಯಸ್ಸಿನ ಪ್ರತಿ ಒಬ್ಬರಿಗೆ...”

“ಪಾಠ ಬೇಡ, ಉತ್ತರ ಹೇಳಿ.”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಬೇಕಾದರೆ ಆಗಲೇ ನಿಜ ಹೇಳಬಹುದಿತ್ತು. ಆದರೆ ಹೇಳಿದರೆ ಮತ್ತೆ ಅದೇ, ಜನ ಎಲ್ಲಿದ್ದಾರೆ ಅಂತ ಕೇಳಿ ಎದ್ದು ಹೋಗುತ್ತಾರೆ. ತಂಗಿ ನನ್ನ ಮುಖ ನೋಡಿದಳು. ಅವಳ ಮಗ ಕಂಬ ಬಿಟ್ಟು ನೆಟ್ಟಗೆ ನಿಂತ.

ಆಗ ನನ್ನ ಕಣ್ಣಿಗೆ ಬಿದ್ದದ್ದು, ಹುಡುಗಿ ಅಲ್ಲಿರಲಿಲ್ಲ.

ಹಿತ್ತಿಲಿಗೆ ಹೋದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬಳೇ ಕೂತಿದ್ದಳು. ಎದುರಿಗೆ ಗದ್ದೆಬಯಲು, ಬಿಸಿಲು, ಯಾರೂ ಇಲ್ಲ. ನಾನು ಎಂಜಲು ಎಲೆ ಗೊಬ್ಬರದ ಗುಂಡಿಗೆ ಎಸೆದು ಬಂದು ಕೈ ತೊಳೆದುಕೊಂಡೆ.

“ಎಂತ ಹುಡುಗಿ, ತಲೆನೋವಾ?”

“ಇಲ್ಲಮ್ಮ. ಸ್ವಲ್ಪ ಹೊತ್ತು ಸುಮ್ನೆ ಕೂತ್ಕೊಳ್ಳೋಣ ಅಂತ.” ಆಮೇಲೆ ಕೇಳಿದಳು, “ದಿನಾ ಇಷ್ಟೂ ಜನಕ್ಕೆ ಬೇಯಿಸ್ತೀರಾ?”

“ಯಾಕೆ, ಬೇಯಿಸಕ್ಕೆ ಬರಲ್ವಾ ನಿಂಗೆ?”

“ಬರುತ್ತೆ. ಅದೇ ಬರೋದು. ನಮ್ಮನೇಲಿ ಅಪ್ಪ, ಚಿಕ್ಕಪ್ಪಂದಿರು ಎಲ್ಲ ಒಟ್ಟಿಗೆ. ಬಚ್ಚಲಿಗೆ ಪಾಳಿ, ಒಲೆಗೆ ಪಾಳಿ, ಕನ್ನಡಿ ಮುಂದೆ ನಿಲ್ಲೋದಕ್ಕೂ ಪಾಳಿ. ನಾನು ಹೊಲಿಗೆ ಅಂಗಡಿಗೆ ಹೋಗೋದೇ ಆ ಮಷೀನಿನ ಮುಂದೆ ಒಬ್ಬಳೇ ಕೂರಬಹುದು ಅಂತ. ಗುಡ್ಡದ ಮೇಲೆ ಒಂಟಿಮನೆ ಅಂದ್ರು, ನಾನೇ ಹಟ ಮಾಡಿ ಬಂದೆ. ಇಲ್ಲಿ ನೋಡಿದ್ರೆ ನಮ್ಮನೆಗಿಂತ ಜಾಸ್ತಿ.” ಎದ್ದು ಸೀರೆ ಕೊಡವಿಕೊಂಡಳು. “ಹುಡುಗ ಪರವಾಗಿಲ್ಲ. ಆದ್ರೆ ಆಗಲ್ಲಮ್ಮ. ನೀವೇ ಹೇಳಿಬಿಡಿ ಅವರಿಗೆ.”

ಹೇಳುವುದಕ್ಕೆ ನಾನೇನು ಪೋಸ್ಟ್‌ಮ್ಯಾನಾ?

“ಕೂತ್ಕೋ,” ಅಂದೆ. “ಅವರ್ಯಾರೂ ಈ ಮನೆಯೋರಲ್ಲ. ಎಲ್ಲ ಎರವಲು.”

“ಎಂತ?”

“ಎರವಲು. ಸೇರು ಅಕ್ಕಿ ಎರವಲು ತರಲ್ವಾ, ಹಾಗೆ. ಆ ಅಜ್ಜ ಎದುರು ಗುಡ್ಡದವರು. ಅವರಿಬ್ಬರು ಕೆಳಗಿನ ಗದ್ದೆಮನೆಯೋರು. ಮಕ್ಕಳೆಲ್ಲ ಶುಂಠಿ ಶೆಡ್ಡಿಂದು. ಜನ ಇಲ್ಲ ಅಂತ ನೀನು ಓಡಿಹೋಗ್ತೀಯ ಅಂತ ಮೇಷ್ಟ್ರು ತುಂಬಿಸಿದ್ದು. ಬಂದೋರು ಎದ್ದು ಹೋಗ್ಲಿಲ್ಲ, ಅಷ್ಟೇ.”

ಅವಳು ನನ್ನ ಮುಖವನ್ನೇ ನೋಡಿದಳು. ನಾನು ತಮಾಷೆ ಮಾಡುತ್ತಿದ್ದೇನಾ ಅಂತ ನೋಡಿರಬೇಕು. ಆಮೇಲೆ ನಗುತ್ತಾಳೆ ಅಂದುಕೊಂಡೆ. ನಗಲಿಲ್ಲ, ಸಿಟ್ಟು ಬಂತು. ಸರಸರ ಒಳಗೆ ಹೋದಳು. ನಾನು ಹಿಂದೆ ಹೋದೆ, ಇನ್ನು ಆದದ್ದಾಗಲಿ ಅಂತ.

ಜಗಲಿಯಲ್ಲಿ ಮೇಷ್ಟ್ರು ಇನ್ನೂ ಅನುಪಾತ ವಿವರಿಸುತ್ತಿದ್ದರು. ಹುಡುಗಿ ಅವರನ್ನು ದಾಟಿ ಹೋಗಿ ತಂಗಿ ಮಗನ ಎದುರು ನಿಂತಳು.

“ನಿಮ್ಮನ್ನೇ ಕೇಳೋದು. ದಿನಾ ಸಂಜೆ ಊಟಕ್ಕೆ ನಿಮ್ಮನೇಲಿ ಎಷ್ಟು ತಟ್ಟೆ ಹಾಕ್ತೀರಾ?”

ಮೇಷ್ಟ್ರು ಕೆಮ್ಮಿದರು. ತಂಗಿ ಕಣ್ಣಲ್ಲೇ ಮಗನಿಗೆ ಬೇಡ ಬೇಡ ಅಂದಳು. ಬೆಳಗಿನಿಂದ ಒಂದು ಮಾತೂ ಆಡದವನು ಈಗ ಬಾಯಿ ಬಿಟ್ಟ.

“ಎರಡು. ನಂದು, ಅಮ್ಮಂದು. ದೊಡ್ಡಮ್ಮ ಬಂದಾಗ ಮೂರು.”

ಎದುರು ಗುಡ್ಡದ ಅಜ್ಜ ಬಾಯಲ್ಲಿದ್ದ ಕವಳ ಒಂದು ಕಡೆಗೆ ಸರಿಸಿ, “ಹಾಗಾದ್ರೆ ನಾವಿನ್ನು ಹೊರಡಬೌದಾ?” ಅಂತ ಮೇಷ್ಟ್ರನ್ನು ಕೇಳಿದರು.

ಹುಡುಗಿಯ ಅಪ್ಪನಿಗೆ ಆಗ ಅರ್ಥವಾಯಿತು, ಎದ್ದು ನಿಂತ. ಮೋಸ ಅಂದ, ಇಂಥ ಮನೆಗೆ ಹೆಣ್ಣು ಕೊಡುವುದಿಲ್ಲ ಅಂದ. ಇವತ್ತು ಜನ ಎರವಲು ತಂದವರು ನಾಳೆ ಏನೇನು ತರುತ್ತಾರೋ ಅಂದ. ಮಾತು ಸರಿಯಾಗಿಯೇ ಇತ್ತು, ನಾನು ಎದುರು ಹೇಳಲು ಹೋಗಲಿಲ್ಲ. ತಂಗಿ ಮಗ ಬೆವರು ಒರೆಸಿಕೊಂಡು, “ತಪ್ಪಾಯ್ತು. ನಾನು ಆಗಲೇ ಬೇಡ ಅಂದಿದ್ದೆ, ಗಟ್ಟಿಯಾಗಿ ಹೇಳಬೇಕಿತ್ತು,” ಅಂದ. ಮೇಷ್ಟ್ರು ಪಾಪ ನೆಲ ನೋಡುತ್ತ ನಿಂತಿದ್ದರು. ಅವರ ಬುಗುರಿ ಚಿತ್ರದ ಮೇಲೆ ಮಕ್ಕಳು ಕುಂಟಬಿಲ್ಲೆ ಆಡುತ್ತಿದ್ದರು.

“ಅಪ್ಪ, ಕೂಗ್ಬೇಡಿ,” ಅಂದಳು ಹುಡುಗಿ. “ನಾ ಮನೆ ನೋಡ್ಲೇ ಇಲ್ಲ. ಬರೀ ಜನ ನೋಡಿದ್ದು. ಇವತ್ತು ಹೇಗೂ ರಿಪ್ಪನ್‌ಪೇಟೆ ಚಿಕ್ಕಮ್ಮನ ಮನೇಲಿ ಉಳ್ಕೊಳ್ತೀವಲ್ಲ, ನಾಳೆ ಇನ್ನೊಂದು ಸಲ ಬಂದು ನೋಡ್ತೀನಿ.” ತಂಗಿ ಮಗನ ಕಡೆ ತಿರುಗಿದಳು. “ದಿನಾ ಇರೋರು ಮಾತ್ರ ಇರಬೇಕು. ಒಬ್ಬರು ಜಾಸ್ತಿ ಕಂಡ್ರೂ ನಾನು ಉಣುಗೋಲು ದಾಟಲ್ಲ. ಅಲ್ಲಿಂದಲೇ ವಾಪಸ್.”

ಸೋದರತ್ತೆ “ಇವಳು ಹೀಗೇ” ಅಂದಳು. ಅಪ್ಪ ಗೊಣಗುತ್ತಲೇ ಚಪ್ಪಲಿ ಹಾಕಿಕೊಂಡ. ತಂಗಿ ಮಗ ಉಣುಗೋಲು ಸರಿಸಿಕೊಟ್ಟು, ಅವರು ಗುಡ್ಡ ಇಳಿದು ಕಾರು ಹತ್ತುವ ತನಕ ಅಲ್ಲೇ ನಿಂತಿದ್ದ.

ಆ ಹುಡುಗಿ ಏನು ಮಾಡಿದಳು ಅಂತ ಕಾಯಿಸುವುದು ಬೇಡ. ಮರುದಿನ ಬಂದಳು, ಒಂದು ಹಗಲು ಇದ್ದಳು, ಗದ್ದೆ ಅಂಚಿನಲ್ಲಿ ಓಡಾಡಿದಳು, ಒಪ್ಪಿದಳು. ಈಗ ಅವಳ ಹೊಲಿಗೆ ಮಷೀನು ಆ ಜಗಲಿಯಲ್ಲಿದೆ, ಸುತ್ತಿನ ಗುಡ್ಡದವರ ರವಿಕೆಯೆಲ್ಲ ಅಲ್ಲಿಗೇ ಬರುತ್ತವೆ. ರವಿಕೆ ತಂದವರು ಕೂತುಬಿಟ್ಟರೆ, “ಶುಕ್ರವಾರ ಬನ್ನಿ, ಕೊಡ್ತೀನಿ,” ಅಂತ ಎಬ್ಬಿಸಿ ಕಳಿಸುವ ವಿದ್ಯೆ ಅವಳಿಗೆ ಗೊತ್ತು. ಒಂದು ಗಂಡು ಮಗುವಿದೆ, ಮೂಗು ಮತ್ತೆ ನಮ್ಮ ಅಪ್ಪನದೇ. ಇನ್ನೊಂದು ಹೊಟ್ಟೆಯಲ್ಲಿದೆ. ಇನ್ನೇನು ಗುಡ್ಡದ ಜನಸಂಖ್ಯೆ ಎರಡೂವರೆ ಪಟ್ಟು ಆಗುತ್ತದೆ, ಇದಕ್ಕೆ ಜನಸಂಖ್ಯಾ ಸ್ಫೋಟ ಅನ್ನಬೇಕು ಅನ್ನುತ್ತಾರೆ ಮೇಷ್ಟ್ರು. ನಾನು ಚೀಲ ಹಿಡಿದು ಹೋದರೆ ಆ ಹುಡುಗಿ ಮೊದಲು ಚೀಲದ ಗಾತ್ರ ನೋಡುತ್ತಾಳೆ. “ದೊಡ್ಡಮ್ಮ, ಈ ಸಲ ಎಷ್ಟು ದಿನ?” ಬಾಯಿಬಿಟ್ಟು ಕೇಳುತ್ತಾಳಲ್ಲ, ಅದೇ ವಾಸಿ. ಮನಸ್ಸಿನಲ್ಲಿಟ್ಟುಕೊಂಡು ನಗುವವರಿಗಿಂತ.

ಅವತ್ತು ಸಂಜೆ ಮಾತ್ರ ನಮಗೆ ಇದೆಲ್ಲ ಗೊತ್ತಿರಲಿಲ್ಲ. ಎರವಲು ಜನ ಎಲ್ಲ ಹೋದರು. ಅಜ್ಜ ಹೋಗುವಾಗ ಕಡುಬು ಕಟ್ಟಿಸಿಕೊಂಡೇ ಹೋದರು. ಮೇಷ್ಟ್ರಿಗೆ ಹೊಸನಗರದ ಬಸ್ಸು ತಪ್ಪಿತ್ತು, ಅಲ್ಲೇ ಉಳಿದರು. ತಂಗಿ ಪಾತ್ರೆ ತಿಕ್ಕುತ್ತ, “ನಾಳೆ ನೀನಿರೇ ಅಕ್ಕ. ನಂಗೊಬ್ಬಳಿಗೆ ಮಾತಾಡಕ್ಕೆ ಧೈರ್ಯ ಸಾಲಲ್ಲ,” ಅಂದಳು.

“ನಾನಿದ್ರೆ ಮೂರು ತಟ್ಟೆ ಆಗುತ್ತೆ.”

“ನೀನು ನಮ್ಮೋಳೇ ಅಲ್ವಾ?”

“ಆ ಹುಡುಗಿ ನಮ್ಮೋರು ನಿಮ್ಮೋರು ಲೆಕ್ಕ ಇಡಲ್ಲ. ತಲೆ ಲೆಕ್ಕ ಇಡ್ತಾಳೆ.”

“ನಾನು ಬೇಕಾದ್ರೆ ಅಟ್ಟದ ಮೇಲೆ ಕೂತಿರ್ತೀನಿ,” ಅಂದರು ಮೇಷ್ಟ್ರು. “ಏನಾಗುತ್ತೆ ಅಂತ ನೋಡ್ಬೇಕಲ್ಲ.”

ಮರುದಿನ ಬೆಳಿಗ್ಗೆ ಮೇಷ್ಟ್ರನ್ನು ಎಬ್ಬಿಸಿ, ಕಾಫಿ ಕುಡಿಸಿ, ಕೈಗೆ ಅವರ ಕೊಡೆ ಕೊಟ್ಟೆ. ನನ್ನ ಸೀರೆ, ತಲೆದಿಂಬು, ಎಲೆಅಡಿಕೆ ಡಬ್ಬಿ ಎಲ್ಲ ಚೀಲಕ್ಕೆ ತುಂಬಿಕೊಂಡು, ನಾನು ಮಲಗಿದ್ದ ಚಾಪೆ ಸುತ್ತಿ ಅಟ್ಟಕ್ಕೆ ಹಾಕಿದೆ. ಗುಡ್ಡ ಇಳಿದು ಗದ್ದೆಬಯಲು ದಾಟಿ ರಸ್ತೆಗೆ ಬರುವಷ್ಟರಲ್ಲಿ ತಿರುವಿನಲ್ಲಿ ಇಕ್ಕೇರಿಯವರ ಕಾರು ಕಂಡಿತು. ಮೇಷ್ಟ್ರು ದಾರಿ ತೋರಿಸಲು ಕೈ ಎತ್ತಿದರು. ಆ ಕೈ ಹಿಡಿದು ಎಳೆದುಕೊಂಡು ಲಂಟಾನದ ಮಟ್ಟಿಯ ಹಿಂದೆ ಕೂರಿಸಿದೆ, ನಾನೂ ಕೂತೆ. ಕಾರು ನಮ್ಮನ್ನು ದಾಟಿ ಗುಡ್ಡದ ಕಡೆಗೆ ಹೋದ ಮೇಲೆ ಎದ್ದು, ಸೆರಗಿಗೆ ಅಂಟಿದ ಮುಳ್ಳು ಕಿತ್ತುಹಾಕಿ, ಅವರನ್ನು ಹೊಸನಗರದ ಬಸ್ಸಿಗೆ ಹತ್ತಿಸಿ, ತೀರ್ಥಹಳ್ಳಿ ಕಡೆಯ ಬಸ್ಸಿಗೆ ಕೈ ಮಾಡಿದೆ.